ನಿಟಿನಾಲ್ ತಂತಿ ಟೆಸ್ಟ್ ಮಾಡೋದು ಹೆಂಗ: ಮೊದಲ ತೂಕ ಕಟ್ರಿ, ಆಮ್ಯಾಲ ಕಾಸ್ರಿ

ಡಿಸೆಂಬರ್‌ನಾಗ ಹುಬ್ಬಳ್ಳಿ ವಿದ್ಯಾನಗರದ ರೂಮಿನಾಗ ಛಲೋ ನಡದಿದ್ದ ನನ್ನ ನಿಟಿನಾಲ್ ತಂತಿ ಏಪ್ರಿಲ್ ಮಧ್ಯಾಹ್ನ ಕೈಕೊಡ್ತು, ಕಾಸಿದ್ರ ಗಿಡ್ಡ ಆಗೋದೇನೋ ಆಗ್ತಿತ್ತು ಆದ್ರ ಆರಿದ ಮ್ಯಾಲ ವಾಪಸ್ ಪೂರಾ ಉದ್ದ ಆಗವಲ್ದು. ತಂತಿನ ಕೆಟ್ಟದ ಅಂತ ಹೊಸಾದು ತರಿಸಿದೆ, ಅದೂ ಹಂಗ. ತಪ್ಪು ತಂತೀದಲ್ರಿ, ಲೋಡ್ ಬ್ಯಾರೆ ಟೆಂಪರೇಚರ್ ಬ್ಯಾರೆ ಅಂತ ನಾ ಟೆಸ್ಟ್ ಮಾಡಿದ್ದ ತಪ್ಪು.

ನಿಕಲ್ ಮತ್ತ ಟೈಟೇನಿಯಂ ಸುಮಾರು ಅರ್ಧಕ್ಕರ್ಧ ಅಣು ಸೇರಿದ ಲೋಹ ಇದು. ತಣ್ಣಗಿದ್ದಾಗ ಒಳಗಿನ ಹರಳಿನ ರಚನೆ ಮಾರ್ಟೆನ್ಸೈಟ್ ಅನ್ನೋದು, ಮೆತ್ತಗ, ಎಳದಂಗ ಉದ್ದ ಆಗತದ. ಬಿಸಿ ಆದ್ರ ಅದು ಆಸ್ಟೆನೈಟ್ ಅನ್ನೋ ರಚನೆ ಆಗತದ, ಗಟ್ಟಿ, ತನ್ನ ಮೂಲ ಆಕಾರಕ್ಕ ಓಡಿ ಬರತದ. ಕಾಸುವಾಗ ಬದಲಾಗೋ ಟೆಂಪರೇಚರ್ ಬ್ಯಾರೆ, ಆರುವಾಗಿಂದು ಬ್ಯಾರೆ, ನಡುವ ಎಷ್ಟೋ ಡಿಗ್ರಿ ಅಂತರ ಇರತದ.

ಈಗ ಮುಖ್ಯ ಮಾತು. ಎಳದು ಹಿಡದ್ರ ಆ ಟೆಂಪರೇಚರ್ ಎಲ್ಲಾ ಮ್ಯಾಲೆ ಸರೀತಾವ, ಪ್ರತಿ ಡಿಗ್ರಿಗೆ ಹತ್ತತ್ರ 6-7 ಮೆಗಾಪಾಸ್ಕಲ್ (ತಂತಿ ಮ್ಯಾಲ ಬೀಳೋ ಎಳತದ ಅಳತಿ) ಲೆಕ್ಕದಾಗ. 0.5 ಮಿಮೀ ದಪ್ಪದ ತಂತಿಗೆ 2 ಕೆಜಿ ತೂಗು ಹಾಕಿದ್ರ 100 ಮೆಗಾಪಾಸ್ಕಲ್ ಬೀಳತದ, ಅಂದ್ರ ಸುಮಾರು 15 ಡಿಗ್ರಿ ಸರೀತು. ತೂಕ ಇಲ್ದಾಗ 60 ಡಿಗ್ರಿಗೆ ಪೂರಾ ಗಿಡ್ಡ ಆಗೋ ತಂತಿ ಈಗ 75 ಕೇಳತದ. ಆರುವಾಗ 30 ಡಿಗ್ರಿಗೆ ಪೂರಾ ಮಾರ್ಟೆನ್ಸೈಟ್ ಆಗೋದು ಈಗ 45ಕ್ಕ ಆಗತದ. ನಾ ಕಟ್ಟಿದ್ದು ಅರ್ಧಾ ಕೆಜಿ, ಸರದಿದ್ದು ಬರೇ 4 ಡಿಗ್ರಿ, ಅಂದ್ರ 34. ರೂಮಿನಾಗ ಏಪ್ರಿಲ್‌ದಾಗ 37 ಇತ್ತು, ತಂತಿ ಎಲ್ಲಿಂದ ಪೂರಾ ಆರ್ಬೇಕ್ರಿ?

ಮಾಡೋದು ಹಿಂಗ. ಅರ್ಧ ಮೀಟರ್ ತಂತಿ ತಗೊಂಡು ಎರಡೂ ತುದಿ ಸ್ಕ್ರೂ ಕನೆಕ್ಟರಿನಾಗ ಬಿಗೀರಿ, ಸೋಲ್ಡರ್ ನೆಟ್ಟಗ ಹಿಡಿಯಂಗಿಲ್ಲ. ಕೆಳಗ ತೂಕ ಕಟ್ಟಿ ಅದು ಗಿರಗಿರ ತಿರುಗದಂಗ ಪಕ್ಕಕ್ಕ ಆಸರ ಕೊಡ್ರಿ, ಬಾಜೂಕ ಸ್ಟೀಲ್ ಸ್ಕೇಲ್ ನಿಲ್ಲಸ್ರಿ. ಸಣ್ಣ ಥರ್ಮೋಕಪಲ್ (ಟೆಂಪರೇಚರ್ ಅಳಿಯೋ ತಂತಿ) ನಡುವ ಕಟ್ರಿ, ಕ್ಲ್ಯಾಂಪಿನ ಹತ್ರ ತಂತಿ ತಣ್ಣಗ ಇರತದ, ಅಲ್ಲಿ ಅಳದ್ರ ಸುಳ್ಳು ಬರತದ. ಫ್ಯಾನ್ ಬಂದ್ ಮಾಡಿ, ತಂತಿಯ ಎರಡೂ ತುದಿಗೆ ಕೂಡಿಸಿದ ಪವರ್ ಸಪ್ಲೈ 1 ಆಂಪಿಯರ್‌ದಿಂದ ನಿಧಾನಕ ಏರಸ್ರಿ, ಪ್ರತಿ 5 ಡಿಗ್ರಿಗೊಮ್ಮೆ ಉದ್ದ ಬರ್ಕೋರಿ. ಗಿಡ್ಡ ಆಗೋದು ನಿಂತ ಕೂಡ್ಲೆ ಕರೆಂಟ್ ಇಳಸ್ರಿ, ಲೋಡಿನ ಮ್ಯಾಲ ಇನ್ನೂ ಕಾಸಿದ್ರ ತಂತಿ ತನ್ನ ಮೂಲ ಆಕಾರದ ನೆನಪು ಕಳ್ಕೊತದ. ಇಳಿಯುವಾಗಿನ ಲೆಕ್ಕ ಬಿಡಬ್ಯಾಡ್ರಿ, ನನಗ ಉತ್ತರ ಸಿಕ್ಕಿದ್ದು ಅಲ್ಲೇ.

ಮೊದಲಿನ ಸೈಕಲ್‌ಗಳ (ಒಮ್ಮೆ ಕಾಸಿ ಆರಿಸಿದ್ರ ಒಂದು ಸೈಕಲ್) ಅಂಕಿ ನಂಬಬ್ಯಾಡ್ರಿ. ಪ್ರತಿ ಸಲ ಚೂರು ಉದ್ದ ಹಂಗ ಉಳೀತದ, ಹತ್ತಾರು ಸೈಕಲ್ ಆದ ಮ್ಯಾಲ ಸ್ಥಿರ ಆಗತದ. ಒಮ್ಮೆಗೆ 8 ಪರ್ಸೆಂಟ್ ತನಕ ಎಳದಿದ್ದು ವಾಪಸ್ ಬಂದೀತು, ಆದ್ರ ದಿನಾ ದುಡಿಸೋ ತಂತಿಗೆ 3-4 ಸಾಕು.

ಎಳತದ ಜೋಡಿ ತಿರುಚೋದೂ ಇದ್ರ ಇನ್ನೊಂದು ಟೆಸ್ಟ್ ಬೇಕು. ಮೊದಲ ಎಳದು ಆಮ್ಯಾಲ ತಿರುಚಿದ್ರ ಒಂದು ಉದ್ದ, ಎರಡೂ ಕೂಡೆ ಮಾಡಿದ್ರ ಇನ್ನೊಂದು, ಯಾಕಂದ್ರ ಒಳಗಿನ ಮಾರ್ಟೆನ್ಸೈಟ್ ಹರಳು ಬಲ ಬಂದ ದಿಕ್ಕಿಗೆ ಹೊಳ್ಳತಾವ, ಯಾವ ದಾರೀಲೆ ಬಂತು ಅನ್ನೋದೂ ಲೆಕ್ಕಕ್ಕ ಬರತದ. ಮಷೀನಿನಾಗ ಯಾವ ಕ್ರಮದಾಗ ಲೋಡ್ ಬೀಳತದೋ ಅದ ಕ್ರಮದಾಗ ಹಾಕಿ ಅಳೀರಿ, ಆವತ್ತಿನ ರೂಮ್ ಟೆಂಪರೇಚರ್ ಹಾಳಿ ಮ್ಯಾಲ ಮೊದಲನೇ ಸಾಲಿನಾಗ ಬರೀರಿ.