ಹೊನ್ನವ್ವ, ತಿಪ್ಪೇಶ ಮತ್ತು ಒಂದು ಲೆಕ್ಕದ ಪುಸ್ತಕ

ಚಿತ್ರದುರ್ಗದ ಕೋಟೆಯನ್ನು ಹೋಲುವ ಊರೊಂದನ್ನು ಕಲ್ಪಿಸಿಕೊಂಡು ನಾಲ್ಕು ಸಂಪುಟಗಳ ಫ್ಯಾಂಟಸಿ ಪ್ರೇಮಕಥೆ ಬರೆಯುತ್ತಿದ್ದೇನೆ. ನಾಯಕಿ ಹೊನ್ನವ್ವ ಹೊಂಡ ಕಾಯುವವಳು. ಬಂಡೆಯೊಳಗೆ ಹರಿಯುವ ನೀರಿನ ಸದ್ದು ಅವಳಿಗೆ ಕೇಳಿಸುತ್ತದೆ. ನಾಯಕ ತಿಪ್ಪೇಶ ಬತೇರಿಯ ಕಾವಲಿನವನು. ಇವರಿಬ್ಬರನ್ನೂ ಬದಲಾಯಿಸುವ ಕೆಲಸವೆಲ್ಲ ನಡೆಯುವುದು ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ.

ಪ್ರತಿ ಮುಖ್ಯ ಪಾತ್ರಕ್ಕೂ ಎದುರುಬದುರಿನ ಎರಡು ಪುಟ. ಎಡಕ್ಕೆ ಮೂರೇ ಸಾಲು: ಬೇಕಾದದ್ದೇನು, ನಂಬಿಕೊಂಡಿರುವ ತಪ್ಪು ಯಾವುದು, ಯಾರಿಗೂ ಹೇಳದೆ ಮುಚ್ಚಿಟ್ಟದ್ದೇನು. ಬಲಕ್ಕೆ ನಾಲ್ಕು ಕಲಂ: ಅಧ್ಯಾಯ, ಏನಾಯಿತು, ಏನು ಕಳೆದುಕೊಂಡರು, ಅದರಿಂದಾಗಿ ಮುಂದೆ ಏನು ಮಾಡಲಾರರು. ಆ ಕೊನೆಯ ಕಲಂ ಖಾಲಿ ಉಳಿಯಿತೆಂದರೆ, ಅಧ್ಯಾಯದಲ್ಲಿ ಎಷ್ಟೇ ಕತ್ತಿವರಸೆ, ಎಷ್ಟೇ ಸರಸ ಇರಲಿ, ಪಾತ್ರ ಇದ್ದಲ್ಲೇ ಇದೆ. ಅಂಥ ಅಧ್ಯಾಯವನ್ನು ತಿದ್ದುತ್ತೇನೆ, ಇಲ್ಲವೇ ಕಿತ್ತುಹಾಕುತ್ತೇನೆ.

ಮಾಂತ್ರಿಕ ಶಕ್ತಿಗೆ ಬೆಲೆ ಕಟ್ಟುವುದೂ ಈ ಪುಸ್ತಕದಲ್ಲೇ. ಹೊನ್ನವ್ವ ಬಂಡೆಗೆ ಕಿವಿಗೊಟ್ಟಾಗಲೆಲ್ಲ ಒಬ್ಬರ ದನಿ ಅವಳ ನೆನಪಿನಿಂದ ಅಳಿಸಿಹೋಗುತ್ತದೆ. ಸಂಪುಟಕ್ಕೆ ಮೂರು ಸಲಕ್ಕಿಂತ ಹೆಚ್ಚು ಅದನ್ನು ಬಳಸಲು ಬಿಡುವುದಿಲ್ಲ. ಮೊದಲ ಸಂಪುಟದಲ್ಲಿ ಹೋಗುವುದು ಸಂತೆಯಲ್ಲಿ ಕಂಡವರ ದನಿ, ಎರಡನೆಯದರಲ್ಲಿ ಅಜ್ಜಿಯದು, ಮೂರನೆಯದರಲ್ಲಿ ತಿಪ್ಪೇಶನದು. ಶಕ್ತಿಯನ್ನು ಸಂಪುಟದಿಂದ ಸಂಪುಟಕ್ಕೆ ಏರಿಸುತ್ತಾ ಬೆಲೆಯನ್ನು ಮಾತ್ರ ಹಾಗೇ ಬಿಟ್ಟರೆ, ಮೂರನೆಯ ಸಂಪುಟದ ಹೊತ್ತಿಗೆ ನಾಯಕಿ ಹೆದರುವಂಥದ್ದೇ ಏನೂ ಇರುವುದಿಲ್ಲ. ಇನ್ನೂ ದೊಡ್ಡ ರಾಕ್ಷಸನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಹಿಡಿಂಬನದೆನ್ನುವ ಹಲ್ಲನ್ನು ದೇವಸ್ಥಾನದಲ್ಲಿ ಇಟ್ಟುಕೊಂಡ ದುರ್ಗದಂಥ ಊರಿನಲ್ಲಿ ರಾಕ್ಷಸರಿಗೇನೂ ಬರವಿಲ್ಲ, ಆದರೆ ಅವರಿಂದ ಪ್ರೇಮಕಥೆ ಮುಂದಕ್ಕೆ ಸಾಗುವುದಿಲ್ಲ.

ಸಾಮಾನ್ಯವಾಗಿ ಕುಸಿಯುವುದು ಎರಡನೆಯ ಸಂಪುಟ. ಮೊದಲನೆಯದರ ಕೊನೆಗೆ ಇಬ್ಬರೂ ಮನಸ್ಸು ಬಿಚ್ಚಿಟ್ಟಿರುತ್ತಾರೆ, ಬೇಕಾದ್ದು ಸಿಕ್ಕಿಬಿಟ್ಟಿರುತ್ತದೆ. ಆಗ ಕೈ ತಾನಾಗಿ ತಪ್ಪು ತಿಳಿವಳಿಕೆಯ ಕಡೆ ಹೋಗುತ್ತದೆ: ಅರ್ಧ ಕೇಳಿಸಿಕೊಂಡ ಮಾತು, ತಲುಪದ ಓಲೆ. ಐದು ನಿಮಿಷ ಕೂತು ಮಾತಾಡಿದರೆ ಬಗೆಹರಿಯುವ ಅಡ್ಡಿ ಮೂರು ಅಧ್ಯಾಯಕ್ಕಿಂತ ಹೆಚ್ಚು ತಾಳದು. ಎಷ್ಟು ಮಾತಾಡಿದರೂ ಬಗೆಹರಿಯದಂಥದ್ದು ಬೇಕು. ಅದು ನನಗೆ ಸಿಕ್ಕಿದ್ದು ಕೋಟೆಯ ನೀರಿನ ವ್ಯವಸ್ಥೆಯಲ್ಲಿ. ದುರ್ಗದ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ. ನನ್ನ ಕಲ್ಪನೆಯ ಊರಿನಲ್ಲೂ ಹಾಗೆಯೇ. ಮುತ್ತಿಗೆಯ ಕಾಲದಲ್ಲಿ ಮೇಲಿನ ತೂಬು ಮುಚ್ಚಿದರೆ ಕೋಟೆ ಉಳಿಯುತ್ತದೆ, ತೆರೆದಿಟ್ಟರೆ ಕೆಳಗಿನ ಪೇಟೆ ಉಳಿಯುತ್ತದೆ. ತಿಪ್ಪೇಶ ಕೋಟೆಗೆ ಮಾತು ಕೊಟ್ಟವನು, ಹೊನ್ನವ್ವನ ತವರು ಪೇಟೆಯಲ್ಲಿ. ಇಬ್ಬರದೂ ಸರಿ, ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ಅರ್ಥಮಾಡಿಕೊಂಡಿದ್ದಾರೆ, ಆದರೂ ತೂಬಿನ ಎರಡು ಬದಿಗೆ ನಿಲ್ಲಲೇಬೇಕು. ಇಡೀ ಸಂಪುಟ ಇದರ ಮೇಲೆಯೇ ನಡೆಯುತ್ತದೆ.

ಸಲುಗೆ ಎಲ್ಲಿಗೆ ಬಂತೆಂದು ತೋರಿಸಲು ಮಾತೇ ಸಾಕು. "ಎಲ್ಲಿಗೆ ಹೊಂಟ್ರಿ?" ಎನ್ನುತ್ತಿದ್ದವಳು "ಎಲ್ಲಿಗೆ ಹೊಂಟೆ?" ಎನ್ನುವ ಗಳಿಗೆಗೆ ಒಂದು ಇಡೀ ಅಧ್ಯಾಯ ಮೀಸಲಿಟ್ಟೆ. ಜಗಳವಾದಾಗ ಮತ್ತೆ ಬಹುವಚನಕ್ಕೆ ಮರಳುತ್ತಾಳೆ. ಮುನಿಸು ಎಂದು ಬೇರೆ ಹೇಳಬೇಕಿಲ್ಲ. ಅತ್ತೆಯಾಗಲಿರುವವಳ ಮುಂದೆ ಮಾತ್ರ ಕೊನೆಯವರೆಗೂ "ಬರ್ರಿ, ಹೋಗ್ರಿ" ಎಂದೇ ಮಾತಾಡಿಸುತ್ತಾಳೆ. ಇದಕ್ಕೂ ಪುಸ್ತಕದಲ್ಲಿ ಒಂದು ಕಲಂ ಬೇಕು. 12ನೇ ಅಧ್ಯಾಯದಲ್ಲಿ ಏಕವಚನಕ್ಕೆ ಬಂದವಳು 14ರಲ್ಲಿ ಕಾರಣವಿಲ್ಲದೆ "ಬರ್ರಿ" ಎಂದರೆ, ವಾರಕ್ಕೊಂದು ಕಂತು ಓದುವವರು ತಕ್ಷಣ ಹಿಡಿಯುತ್ತಾರೆ.

ಬದಲಾವಣೆ ಕಣ್ಣಿಗೆ ಕಾಣಬೇಕಾದರೆ ಒಂದೇ ಸನ್ನಿವೇಶವನ್ನು ಸಂಪುಟಕ್ಕೊಮ್ಮೆ ಮರಳಿ ತರುವುದು ಒಳ್ಳೆಯ ಉಪಾಯ. ತಿಪ್ಪೇಶನಿಗೆ ಇಕ್ಕಟ್ಟಾದ ಜಾಗವೆಂದರೆ ಉಸಿರು ಕಟ್ಟುತ್ತದೆ. ಮೊದಲ ಸಂಪುಟದಲ್ಲಿ ಕಿಂಡಿ ಬಿಟ್ಟು ಸುತ್ತುಬಳಸಿ ಹೋಗುತ್ತಾನೆ. ತಡವಾಗಿ ಜೊತೆಗಾರನೊಬ್ಬ ಸಾಯುತ್ತಾನೆ. ಎರಡನೆಯದರಲ್ಲಿ ಹೊನ್ನವ್ವನ ಕೈ ಹಿಡಿದು ನುಸುಳುತ್ತಾನೆ. ಮೂರನೆಯದರಲ್ಲಿ ಒಬ್ಬನೇ ಇದ್ದಾಗ ಮತ್ತೆ ಹಿಂದೆ ಸರಿಯುತ್ತಾನೆ. ಈ ಹಿನ್ನಡೆಯನ್ನು ಬಿಟ್ಟರೆ, ಪ್ರೀತಿ ಹುಟ್ಟಿದ ಕೂಡಲೇ ಹೆದರಿಕೆ ವಾಸಿಯಾಯಿತು ಎಂಬಂತಾಗುತ್ತದೆ. ನಾಲ್ಕನೆಯದರಲ್ಲಿ ಮಗುವೊಂದನ್ನು ಮುಂದೆ ಬಿಟ್ಟು ಹಿಂದೆ ತೆವಳುತ್ತಾನೆ, ಅಂಗೈ ಬೆವರುತ್ತಲೇ ಇರುತ್ತದೆ.

ಕಿಂಡಿ ಎಂದೊಡನೆ ಓಬವ್ವ ಬಂದು ನಿಲ್ಲುತ್ತಾಳೆ. ಹೊನ್ನವ್ವನ ಕೈಗೆ ಒನಕೆ ಕೊಡದಿರುವುದು ಅದಕ್ಕೇ. ಓಬವ್ವ ಓದುಗರ ಮನಸ್ಸಿನಲ್ಲಿ ಆಗಲೇ ಪೂರ್ತಿಯಾದವಳು. ಅವಳ ನೆರಳು ಬಿದ್ದರೆ ಹೊನ್ನವ್ವ ಹೆದರುವುದನ್ನಾಗಲಿ, ಸ್ವಾರ್ಥಕ್ಕೆ ಬೀಳುವುದನ್ನಾಗಲಿ ಯಾರೂ ಒಪ್ಪುವುದಿಲ್ಲ. ಮದಕರಿ ನಾಯಕ, ಹೈದರಾಲಿ, 1779ರ ಪತನ ಯಾವುದೂ ಸರಣಿಯೊಳಗಿಲ್ಲ. ಕಲ್ಲು, ನೀರು, ದಾರಿಗಳನ್ನು ಮಾತ್ರ ಸಾಲ ತಂದಿದ್ದೇನೆ.

ಕಾಲದ ಲೆಕ್ಕಕ್ಕೆ ಮಳೆ ನಕ್ಷತ್ರಗಳು. ಒಂದೊಂದಕ್ಕೆ 13–14 ದಿನ. ಅಧ್ಯಾಯದ ತಲೆಗೆ ಪೆನ್ಸಿಲಿನಲ್ಲಿ ನಕ್ಷತ್ರದ ಹೆಸರು ಬರೆದಿಟ್ಟರೆ ಗಾಯ, ಬಸಿರು, ವಯಸ್ಸು ಯಾವುದೂ ತಪ್ಪುವುದಿಲ್ಲ. ಕಾಲು ಮುರಿದವನು ಮೂರು ನಕ್ಷತ್ರ ಕಳೆಯುವ ಮುಂಚೆ ಬತೇರಿ ಹತ್ತಬಾರದು. ದುರ್ಗದ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ; ಹಾಗಾಗಿ ಹೊಂಡ ಬತ್ತುವ ಅಧ್ಯಾಯಗಳು ಭರಣಿ, ಕೃತ್ತಿಕೆಗೆ ಬೀಳುತ್ತವೆ, ಹೊನ್ನವ್ವ ಶಕ್ತಿ ಬಳಸದೆ ಗತಿಯಿಲ್ಲದ ದಿನಗಳೂ ಅವೇ.

ಪೋಷಕ ಪಾತ್ರಗಳಿಗೆ ಒಂದೇ ಪುಟ. ಯಾವುದಾದರೂ ಎರಡನೆಯ ಪುಟಕ್ಕೆ ಹರಿದರೆ ಅದಕ್ಕೆ ಸ್ವಂತ ಕಥೆ ಕೊಡಬೇಕು, ಇಲ್ಲವೇ ಊರು ಬಿಡಿಸಬೇಕು.

ಸಂಪುಟ ಮುಗಿದ ಮೇಲೆ ಇಬ್ಬರ ಮಾತುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ, ಹೆಸರು ತೆಗೆದು, ಗಟ್ಟಿಯಾಗಿ ಓದುತ್ತೇನೆ. ಯಾರ ಮಾತೆಂದು ಗೊತ್ತಾಗದ ಕಡೆಗಳಿಗೆ ಕೆಂಪು ಗುರುತು. ಮೊದಲ ಸಂಪುಟದ ಮಾತನ್ನು ಮೂರನೆಯದರಲ್ಲಿ ಇಟ್ಟರೂ ಸಲ್ಲುತ್ತದೆ ಎನ್ನಿಸಿದ ಕಡೆಗೂ ಅದೇ ಗುರುತು. ಮುಂದಿನ ಕರಡು ಶುರುವಾಗುವುದು ಆ ಸಾಲುಗಳಿಂದ.