ಕೀವರ್ಡ್ ನೋಡಿ ವೆಬ್‌ಸೈಟ್ ಆದಾಯ ಅಂದಾಜು ಮಾಡುವುದು: ಅಡಿಕೆ ಧಾರಣೆಯ ಲೆಕ್ಕ

ಅಡಿಕೆ ಧಾರಣೆ ಕೊಡುವ ಕನ್ನಡ ವೆಬ್‌ಸೈಟ್ ಶುರು ಮಾಡುತ್ತೀರಿ ಎನ್ನೋಣ. ಕೀವರ್ಡ್, ಅಂದರೆ ಜನ ಗೂಗಲ್‌ನಲ್ಲಿ ಟೈಪ್ ಮಾಡುವ ಹುಡುಕಾಟದ ಪದ ನೋಡಿ ಸಾಮಾನ್ಯವಾಗಿ ಮೊದಲು ಹಾಕುವ ಲೆಕ್ಕ ಹೀಗಿರುತ್ತದೆ: ತಿಂಗಳಿಗೆ 3,000 ಹುಡುಕಾಟ, ಕ್ಲಿಕ್ಕಿಗೆ 6 ರೂಪಾಯಿ, ಅಲ್ಲಿಗೆ 18,000. ಆದರೆ ಹುಡುಕಿದವರೆಲ್ಲ ನಿಮ್ಮ ಪುಟಕ್ಕೆ ಬರುವುದಿಲ್ಲ, ಬಂದವರೆಲ್ಲ ಜಾಹೀರಾತು ಒತ್ತುವುದೂ ಇಲ್ಲ. ಆ 6 ರೂಪಾಯಿಯಂತೂ ಗೂಗಲ್‌ನ ಹುಡುಕಾಟ ಪುಟದಲ್ಲಿ ಮೇಲೆ ಕಾಣಲು ಜಾಹೀರಾತುದಾರರು ಹಾಕುವ ಬಿಡ್, ಅಂದರೆ ಹರಾಜಿನಲ್ಲಿ ಕೂಗುವ ಬೆಲೆ. ನಿಮ್ಮ ಪುಟದ ಜಾಹೀರಾತಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಗೂಗಲ್ ಆಡ್ಸ್ ಖಾತೆ ತೆರೆದು ಕೀವರ್ಡ್ ಪ್ಲ್ಯಾನರ್‌ನಲ್ಲಿ (ಯಾವ ಪದವನ್ನು ಎಷ್ಟು ಸಲ ಹುಡುಕುತ್ತಾರೆ ಎಂದು ತೋರಿಸುವ ಸಾಧನ) ಸ್ಥಳ ಕರ್ನಾಟಕ ಎಂದು ಆರಿಸಿ. ‘ಅಡಿಕೆ ಧಾರಣೆ’, ‘ಅಡಿಕೆ ರೇಟ್’ ಎರಡನ್ನೂ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೂ ಇರುತ್ತಾರೆ, ಆ ರೂಪವನ್ನು ಬಿಟ್ಟರೆ ಲೆಕ್ಕ ಅರ್ಧಂಬರ್ಧ. ಹತ್ತಿರದ ರೂಪಗಳಿಗೆ ಒಂದೇ ಸಂಖ್ಯೆ ತೋರಿಸಿದರೆ ಅವನ್ನು ಒಟ್ಟುಗೂಡಿಸಿರಬಹುದು, ಮತ್ತೆ ಕೂಡಿಸಬೇಡಿ. ಜಾಹೀರಾತಿಗೆ ಹಣ ಹಾಕದ ಖಾತೆಗೆ ‘1 ಸಾವಿರದಿಂದ 10 ಸಾವಿರ’ ಎಂಬಂಥ ಅಗಲ ಶ್ರೇಣಿ ಮಾತ್ರ ಸಿಗುತ್ತದೆ. ನಡುವಿನ 5,500 ಹಿಡಿದರೆ ಅಂದಾಜು ಉಬ್ಬುತ್ತದೆ. ಬದಲಿಗೆ ಶ್ರೇಣಿಯ ಎರಡು ತುದಿಗಳನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ: ಸುಮಾರು 3,160. ನಾವು 3,000 ಹಿಡಿಯೋಣ. ಅಲ್ಲಿರುವ ‘ಸ್ಪರ್ಧೆ’ ಎಂಬ ಕಲಂ ಜಾಹೀರಾತುದಾರರ ಪೈಪೋಟಿಯದು, ನಿಮ್ಮ ಪುಟ ಮೇಲೆ ಬರುವುದು ಸುಲಭವೋ ಕಷ್ಟವೋ ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ಲೆಕ್ಕ. ಇಲ್ಲಿಯ ಪ್ರಮಾಣಗಳು ಉದಾಹರಣೆಗಷ್ಟೇ:

3,000 ಹುಡುಕಾಟ × 5% ಕ್ಲಿಕ್ = 150 ಭೇಟಿ
150 × ಭೇಟಿಗೆ 1.3 ಪುಟ = 195 ಪುಟವೀಕ್ಷಣೆ
195 ÷ 1,000 × ಆರ್‌ಪಿಎಂ 40 ರೂ. = 7 ರೂಪಾಯಿ 80 ಪೈಸೆ

ಹೌದು, ತಿಂಗಳಿಗೆ ಎಂಟು ರೂಪಾಯಿ! ಆರ್‌ಪಿಎಂ ಎಂದರೆ ಸಾವಿರ ಪುಟವೀಕ್ಷಣೆಗೆ ಬರುವ ಹಣ. ಆಡ್‌ಸೆನ್ಸ್ (ನಿಮ್ಮ ಪುಟದಲ್ಲಿ ಜಾಹೀರಾತು ಹಾಕಿ ಹಣ ಕೊಡುವ ಗೂಗಲ್ ಸೇವೆ) 2024ರಿಂದ ಕ್ಲಿಕ್ಕಿನ ಬದಲು ಜಾಹೀರಾತು ಕಾಣಿಸಿದ ಎಣಿಕೆಗೆ ಹಣ ಕೊಡುತ್ತಿರುವುದರಿಂದ ಈ ದಾರಿಯಲ್ಲೇ ಲೆಕ್ಕ ಹಾಕಬೇಕು. ಇದೇ ದರದಲ್ಲಿ ತಿಂಗಳಿಗೆ 10,000 ರೂಪಾಯಿ ಬರಲು 2,50,000 ಪುಟವೀಕ್ಷಣೆ ಬೇಕು. ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ, ಮುಂದಿನ ತಿಂಗಳಿಗೆ ಹೋಗುತ್ತದೆ.

ಹಾಗಾಗಿ ಒಂದು ದೊಡ್ಡ ಕೀವರ್ಡ್ ನೆಚ್ಚಿಕೊಳ್ಳದೆ ಸಣ್ಣವನ್ನು ಪಟ್ಟಿ ಮಾಡಿ: ‘ಶಿರಸಿ ಚಾಲಿ ರೇಟ್’, ‘ಶಿವಮೊಗ್ಗ ರಾಶಿ’, ‘ಸಾಗರ ಬೆಟ್ಟೆ’ (ಚಾಲಿ, ರಾಶಿ, ಬೆಟ್ಟೆ ಅಡಿಕೆಯ ಬಗೆಗಳು). ಇಂದಿನ ರೇಟು ಕೇಳಿದವರಿಗೆ ಗೂಗಲ್ ತನ್ನ ಪುಟದಲ್ಲೇ ಉತ್ತರ ತೋರಿಸಿಬಿಟ್ಟರೆ ಕ್ಲಿಕ್ ಬೀಳುವುದಿಲ್ಲ. ಪ್ರತಿ ಕೀವರ್ಡನ್ನೂ ಮೊಬೈಲ್‌ನಲ್ಲಿ ಹುಡುಕಿ ನೋಡಿ; ಮೊದಲ ಪರದೆ ಪೂರ್ತಿ ಜಾಹೀರಾತು, ಉತ್ತರ, ವಿಡಿಯೋ ತುಂಬಿದ್ದರೆ 5% ಅನ್ನು 1%ಗೆ ಇಳಿಸಿ.

ಕೊಳ್ಳುವ ಮನಸ್ಸಿನವರ ಹುಡುಕಾಟದ ಲೆಕ್ಕವೇ ಬೇರೆ. ‘ಬ್ಯಾಟರಿ ಸ್ಪ್ರೇಯರ್ ಯಾವುದು ಒಳ್ಳೆಯದು’ ಎಂಬ ಪುಟಕ್ಕೆ 150 ಭೇಟಿ ಬಂದು, 20% ಜನ ಅಂಗಡಿಯ ಲಿಂಕ್ ಒತ್ತಿ, ಅವರಲ್ಲಿ 3% ಕೊಂಡರೆ 0.9 ಮಾರಾಟ. ಬೆಲೆ 3,000, ಲಿಂಕ್ ಹಾಕಿದ ನಿಮಗೆ ಅಂಗಡಿ ಕೊಡುವ ಕಮಿಷನ್ 5% ಆದರೆ 135 ರೂಪಾಯಿ. ಭೇಟಿ ಅಷ್ಟೇ, ಆದಾಯ ಹದಿನೇಳು ಪಟ್ಟು. ಕಮಿಷನ್ ಪ್ರತಿ ವರ್ಗಕ್ಕೂ ಬೇರೆ, ವಾಪಸಾದ ಮಾಲಿಗೆ ಸಿಗುವುದಿಲ್ಲ.

ಪ್ಲ್ಯಾನರ್ ಕೊಡುವುದು 12 ತಿಂಗಳ ಸರಾಸರಿ. ಕೊಯ್ಲಿನ ತಿಂಗಳುಗಳ ಏರಿಳಿತವನ್ನು ಗೂಗಲ್ ಟ್ರೆಂಡ್ಸ್‌ನಲ್ಲಿ ನೋಡಿ, ಆದರೆ ಅಲ್ಲಿಯ 0ರಿಂದ 100 ಹೋಲಿಕೆಯ ಅಂಕ, ಹುಡುಕಾಟದ ಸಂಖ್ಯೆಯಲ್ಲ.

ಪುಟ ಹಾಕಿ ಮೂರು ತಿಂಗಳಾದ ಮೇಲೆ ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ನಿಮ್ಮ ಪುಟದ ಸ್ಥಾನ, ಕ್ಲಿಕ್ ತೋರಿಸುವ ಸಾಧನ) ತೆರೆದು, ಊಹಿಸಿದ 5% ತೆಗೆದು ಅಲ್ಲಿಯ ನಿಜವಾದ ಕ್ಲಿಕ್ ಪ್ರಮಾಣ ಹಾಕಿ. ಸರಾಸರಿ ಸ್ಥಾನ 18 ಎಂದಿದ್ದರೆ, ಅಂದರೆ ಪುಟ ಫಲಿತಾಂಶಗಳಲ್ಲಿ ತೀರಾ ಕೆಳಗಿದ್ದರೆ, ಆ ಕೀವರ್ಡ್‌ನ ಮುಂದೆ ಸದ್ಯಕ್ಕೆ ಸೊನ್ನೆ ಬರೆಯಿರಿ.