ಮಳೆಗಾಲಕ್ಕೊಂದು ಊರ ಉಗ್ರಾಣ: ಕೂಡಿಡುವುದು ಹೇಗೆ, ಕೊಡುವುದು ಹೇಗೆ?

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲದಲ್ಲಿ, ಬೇಲೆಕೇರಿಯಲ್ಲಿ, ತದಡಿಯಲ್ಲಿ ಬೋಟುಗಳು ಸಾಲಾಗಿ ನಿಂತುಬಿಟ್ಟರೆ ಬೋಟಿನ ಕೂಲಿಯವರ ದುಡಿಮೆಯಷ್ಟೇ ಅಲ್ಲ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸರದ್ದು, ಐಸ್ ಒಡೆಯುವವರದ್ದು, ಮೀನು ಸಾಗಿಸುವ ರಿಕ್ಷಾದವರದ್ದು ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ನಿಷೇಧವಿಲ್ಲವಾದರೂ ಕಡಲು ಅಬ್ಬರಿಸುವ ದಿನ ಅವೂ ದಡದ ಮೇಲೆಯೇ ಇರುತ್ತವೆ. ಚಿರೇಕಲ್ಲಿನ ಕ್ವಾರಿ ಮತ್ತು ಕಟ್ಟಡದ ಕೆಲಸಗಳೂ ಅದೇ ಹೊತ್ತಿಗೆ ಮಳೆಯಿಂದಾಗಿ ನಿಲ್ಲುತ್ತವೆ.

ಆದರೆ ಜನರು ಕೈಬಿಚ್ಚಿ ಕೊಡುವ ಕಾಲ ಇದಲ್ಲ. ಅದು ಚೌತಿ, ದೀಪಾವಳಿ, ಹೊಸ ಅಕ್ಕಿ ಮನೆಗೆ ಬರುವ ದಿನಗಳು, ಮದುವೆ ಮುಂಜಿಗಳ ತಿಂಗಳುಗಳು. ಹೀಗಾಗಿ ಕಷ್ಟದಲ್ಲಿರುವ ಮನೆಗಳಿಗೆಂದು ಊರಿನಲ್ಲಿ ಒಂದು ಉಗ್ರಾಣ ನಡೆಸುವವರ ಮುಖ್ಯ ಕೆಲಸವೆಂದರೆ ಕೊಡುವ ಕಾಲದ ಅಕ್ಕಿ ಬೇಳೆಯನ್ನು ಬೇಕಾಗುವ ಕಾಲದವರೆಗೆ ಕೆಡದಂತೆ ದಾಟಿಸುವುದು. ಇದೇನೂ ಹೊಸ ವಿದ್ಯೆಯಲ್ಲ. ಮೇ ತಿಂಗಳಲ್ಲಿ ಹಪ್ಪಳ, ಒಣಮೀನು, ಮೆಣಸು, ಸೌದೆ ಕೂಡಿಡುವ ಮನೆಯ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನೇ ನಲವತ್ತು ಐವತ್ತು ಮನೆಗಳ ಅಳತೆಗೆ ಹಿಗ್ಗಿಸಬೇಕು, ಅಷ್ಟೆ. ಅಂಕೋಲಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾವು ಆರು ಮಂದಿ ಸೇರಿ ನಡೆಸುತ್ತಿರುವ ಉಗ್ರಾಣದಲ್ಲಿ ಕಲಿತದ್ದನ್ನು, ಕೆಡಿಸಿ ಕಲಿತದ್ದನ್ನೂ ಸೇರಿಸಿ, ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಲೆಕ್ಕ, ಆಮೇಲೆ ಅಕ್ಕಿ

ಅಕ್ಕಿ ಸಂಗ್ರಹಿಸಲು ಹೊರಡುವ ಮೊದಲು ಜನವರಿ ಅಥವಾ ಫೆಬ್ರುವರಿಯಲ್ಲಿ ಊರಿನ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಹಾಗೂ ನ್ಯಾಯಬೆಲೆ ಅಂಗಡಿಯವರ ಜೊತೆ ಒಂದು ಸಂಜೆ ಕುಳಿತು ಮಾತನಾಡಬೇಕು. ಯಾರ ಮನೆಯಲ್ಲಿ ದುಡಿಯುವವರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಕ್ಕಳಷ್ಟೇ ಇದ್ದಾರೆ, ಯಾರ ಕಾರ್ಡಿನಲ್ಲಿ ಹೆಸರು ಬಿಟ್ಟುಹೋಗಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅವರು ಹೇಳಿದ ಹೆಸರುಗಳನ್ನು ಊರಿಗೆ ಕಾಣುವಂತೆ ಪಟ್ಟಿ ಮಾಡಿ ಅಂಟಿಸಬಾರದು.

ಸರ್ಕಾರದಿಂದ ಸಿಗಬೇಕಾದದ್ದು ಸಿಗುತ್ತಿದೆಯೇ ಎಂದು ಆಗಲೇ ನೋಡಿಕೊಳ್ಳಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕಾರ್ಡಿಗೆ 35 ಕಿಲೋ ಧಾನ್ಯ ಸಲ್ಲಬೇಕು. ಅದರ ಮೇಲೆ ಅನ್ನಭಾಗ್ಯದಲ್ಲಿ ರಾಜ್ಯ ಕೊಡುವ ಹೆಚ್ಚುವರಿ ಪಾಲು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. 2023ರ ಜುಲೈಯಿಂದ ಕೆಲಕಾಲ ಅಕ್ಕಿಯ ಬದಲು ತಲೆಗೆ 170 ರೂಪಾಯಿ ನಗದಾಗಿ ಬಂದದ್ದು ಹಲವರಿಗೆ ನೆನಪಿರಬಹುದು. ಕೂಲಿಗೆಂದು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದು ಶೆಡ್ಡುಗಳಲ್ಲಿರುವವರು ತಮ್ಮೂರಿನ ಕಾರ್ಡಿನ ಮೇಲೆಯೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಕೇಂದ್ರದ ಪಾಲನ್ನು ಪಡೆಯಬಹುದು. ಇದನ್ನು ಹೇಳಿ, ಒಮ್ಮೆ ಜೊತೆಗೆ ಹೋಗಿ ಹೆಬ್ಬೆರಳು ಒತ್ತಿಸಿ ತಂದರೆ ನಿಮ್ಮ ಉಗ್ರಾಣದ ಒಂದು ಮೂಟೆ ಉಳಿದಂತೆ.

ಕಾರ್ಡಿರುವ ಮನೆಗಳಲ್ಲಿ ಅಕ್ಕಿಯ ಕೊರತೆ ಕಡಿಮೆ. ಕೊರತೆಯಾಗುವುದು ಅನ್ನದ ಜೊತೆ ಕಲಸಲು ಬೇಕಾದದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಹಾರ ಮಾರ್ಗಸೂಚಿಯು ದಿನಕ್ಕೆ 2000 ಕಿಲೋಕ್ಯಾಲರಿಯ ಊಟದಲ್ಲಿ ಬೇಳೆಕಾಳು, ಮೊಟ್ಟೆ, ಮೀನು, ಮಾಂಸ ಎಲ್ಲ ಸೇರಿ 85 ಗ್ರಾಂ ಇರಬೇಕೆನ್ನುತ್ತದೆ. ಮೀನು ಸಿಗದ ತಿಂಗಳಲ್ಲಿ ಅಷ್ಟನ್ನೂ ಬೇಳೆಯಿಂದಲೇ ತುಂಬಿಸುವುದಾದರೆ ನಾಲ್ವರ ಮನೆಗೆ ತಿಂಗಳಿಗೆ ಹತ್ತು ಕಿಲೋ ಬೇಕಾಗುತ್ತದೆ. ನಾವು ಕೊಡುವುದು 2 ಕಿಲೋ ತೊಗರಿಬೇಳೆ, 1 ಕಿಲೋ ಹೆಸರುಕಾಳು; ಎಂದರೆ ಮೂರನೆಯ ಒಂದು ಪಾಲೂ ಅಲ್ಲ. ಅದರ ಜೊತೆಗೆ ಒಂದು ಲೀಟರ್ ಎಣ್ಣೆ, ನಾಲ್ಕು ತೆಂಗಿನಕಾಯಿ, ಕಾಲು ಕಿಲೋ ಒಣಮೆಣಸು, ಬೆಲ್ಲ, ಉಪ್ಪು, ಚಹಾಪುಡಿ, ಎರಡು ಸಾಬೂನು ಇರುತ್ತವೆ. ಚಹಾ ಆಹಾರವಲ್ಲ ಎಂದು ನಮ್ಮಲ್ಲೇ ಒಬ್ಬರು ಮೊದಲ ವರ್ಷ ವಾದಿಸಿದ್ದರು. ಬೆಳಗಿನ ಐದು ಗಂಟೆಗೆ ಚಹಾ ಇಲ್ಲದೆ ಕೂಲಿಗೆ ಹೊರಟು ನೋಡಿದವರಾರೂ ಆ ವಾದ ಹೂಡಲಾರರು.

ತೇವವೆಂಬ ವೈರಿ

ಉಗ್ರಾಣಕ್ಕೆ ಒಂದು ಕೋಣೆ ಸಾಕು. ಆದರೆ ಅದು ಸೋರದ ಕೋಣೆಯಾಗಿರಬೇಕು. ನಾವು ಮೊದಲ ಮಳೆಗಾಲದಲ್ಲಿ ನಾಲ್ಕು ಮೂಟೆ ಕುಚ್ಚಲಕ್ಕಿಯನ್ನು ಚಿರೇಕಲ್ಲಿನ ಗೋಡೆಗೆ ಆನಿಸಿ ಒಟ್ಟಿದ್ದೆವು. ಮಾಡು ಒಂದು ಹನಿಯೂ ಸೋರಲಿಲ್ಲ. ಜುಲೈ ಎರಡನೆಯ ವಾರ ಹಿಂದಿನ ಮೂಟೆಯನ್ನು ಎಳೆದಾಗ ಗೋಣಿಯ ಗೋಡೆಯ ಬದಿ ಕೈಗೆ ತಣ್ಣಗೆ ಹತ್ತಿತು. ಬಿಚ್ಚಿದರೆ ಅಕ್ಕಿ ಕಾಳು ಕಾಳಾಗಿ ಉದುರದೆ ತೆಂಗಿನಕಾಯಿ ಗಾತ್ರದ ಉಂಡೆಯಾಗಿ ಕೆಳಗೆ ಬಿತ್ತು, ಒಡೆದಾಗ ಒಳಗೆ ಹಸಿರು ಬೂಷ್ಟು. ಮಾಡಿನಿಂದ ಬಾರದ ನೀರು ಗೋಡೆಯಿಂದ ಬಂದಿತ್ತು. ತೊಳೆದು ಒಣಗಿಸಿದರೆ ಆದೀತೆಂದು ಯಾರೋ ಹೇಳಿದರೂ ನಾವು ಕೇಳಲಿಲ್ಲ, ನೀವೂ ಕೇಳಬೇಡಿ. ಬೂಷ್ಟಿನ ವಿಷ, ಅದರಲ್ಲೂ ಶೇಂಗಾ, ಕೊಬ್ಬರಿ, ಮೆಣಸಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ.

ಹಳೆಯ ಮನೆಗಳಲ್ಲಿ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಇಡುತ್ತಿದ್ದುದಕ್ಕೆ ಕಾರಣ ಇದೇ. ಇಂದು ಹೊಗೆಯೂ ಇಲ್ಲ, ಮುಡಿ ಕಟ್ಟುವ ಕೈಗಳೂ ಕಡಿಮೆ. ಆದ್ದರಿಂದ ಗಾಳಿಯಾಡದ ಮುಚ್ಚಳದ, ಆಹಾರ ಇಡಲೆಂದೇ ಮಾಡಿದ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕೊಳ್ಳಬೇಕು. ರಾಸಾಯನಿಕ ತುಂಬಿ ಬಂದ ನೀಲಿ ಡ್ರಮ್ಮು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. 200 ಲೀಟರಿನ ದೊಡ್ಡ ಡ್ರಮ್ಮಿನಲ್ಲಿ ಸುಮಾರು 150 ಕಿಲೋ ಅಕ್ಕಿ ಹಿಡಿಯುತ್ತದೆ ನಿಜ, ಆದರೆ ಅದನ್ನು ಪ್ರತಿ ವಾರ ತೆರೆದಾಗಲೂ ಮಳೆಗಾಲದ ಗಾಳಿ ಇಡೀ 150 ಕಿಲೋದ ಮೇಲೆ ಆಡುತ್ತದೆ. 50 ಲೀಟರಿನವು ನಾಲ್ಕು ಇದ್ದರೆ ಒಂದನ್ನು ತೆರೆದು, ಅದು ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಬಹುದು. ಡ್ರಮ್ಮುಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಟ್ಟರೆ ಹಿಂದೆ ಕಸ ಗುಡಿಸಲೂ, ಇಲಿ ಬಂದಿದೆಯೇ ಎಂದು ನೋಡಲೂ ಆಗುತ್ತದೆ. ಇಲಿಜ್ವರ ಹರಡುವುದು ಮಳೆಗಾಲದಲ್ಲೇ. ಇಲಿ ಓಡಾಡಿದ ಪೊಟ್ಟಣವನ್ನು ಒರೆಸಿ ಕೊಡುವ ಯೋಚನೆಯನ್ನೂ ಮಾಡಬಾರದು.

ತುಂಬುವ ಕೆಲಸ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಮುಗಿಯಬೇಕು. ಬೇಳೆಕಾಳನ್ನು ಎರಡು ಬಿಸಿಲು ಒಣಗಿಸಿ, ಸಂಜೆಯವರೆಗೆ ನೆರಳಿನಲ್ಲಿ ಆರಿಸಿ, ಆಮೇಲೆ ಮುಚ್ಚಳ ಹಾಕಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಡ್ರಮ್ಮಿನೊಳಗೆ ಬೆವರು ಕಟ್ಟಿ ಮಾಡಿದ ಶ್ರಮವೆಲ್ಲ ಹಾಳು. ಧಾನ್ಯ ಸಾಕಷ್ಟು ಒಣಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಒಂದೆರಡು ಚಮಚ ಪುಡಿ ಉಪ್ಪು ಹಾಕಿ, ಬಿರಟೆ ಬಿಗಿದು, ಒಂದೆರಡು ನಿಮಿಷ ಅಲ್ಲಾಡಿಸಿ ಹತ್ತು ನಿಮಿಷ ಇಡಿ, ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಇನ್ನೂ ತೇವವಿದೆ, ತಳಕ್ಕೆ ಉದುರಿದರೆ ತುಂಬಬಹುದು. ನಮ್ಮ ಕಡಲತೀರದಲ್ಲಿ ಮೇ ತಿಂಗಳಿನಲ್ಲೇ ಉಪ್ಪು ತಾನೇ ಒದ್ದೆಯಾಗಿರುವುದರಿಂದ ಅದನ್ನು ಮೊದಲು ಕಾವಲಿಯ ಮೇಲೆ ಹುರಿದುಕೊಳ್ಳಬೇಕೆಂಬುದನ್ನು ಯಾವ ಕೈಪಿಡಿಯೂ ನಮಗೆ ಹೇಳಿರಲಿಲ್ಲ.

ಬಿಸಿಲಿಗೆ ಹಾಕಿದಾಗ ಓಡಿಹೋಗುವುದು ಕಣ್ಣಿಗೆ ಕಾಣುವ ಹುಳು ಮಾತ್ರ. ಅಕ್ಕಿಕಾಳಿನ ಒಳಗೇ ಇಟ್ಟ ಮೊಟ್ಟೆ ಒಂದು ತಿಂಗಳಲ್ಲಿ ಮತ್ತೆ ಹುಳುವಾಗುತ್ತದೆ. ಡ್ರಮ್ಮನ್ನು ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿದರೆ ಒಳಗೆ ಉಸಿರಾಡಲು ಗಾಳಿ ಸಾಲದೆ ಅದು ಬೆಳೆಯುವುದಿಲ್ಲ. ಹುಳುವಿಗೆಂದು ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಾತ್ರ ಉಗ್ರಾಣದ ಹೊಸ್ತಿಲು ದಾಟಲು ಬಿಡಬೇಡಿ. ತೇವ ತಾಗಿದರೆ ಅದರಿಂದ ಹೊರಡುವ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಒಣಮೀನು ಬಂದರೆ ಸಂತೋಷವೇ, ಆದರೆ ಅದಕ್ಕೆ ಬೇರೆ ಕೋಣೆ ಬೇಕು. ಅಕ್ಕಿ ವಾಸನೆ ಹಿಡಿಯುತ್ತದೆ, ಮೀನು ತಿನ್ನದ ಮನೆಗಳೂ ಪಟ್ಟಿಯಲ್ಲಿರುತ್ತವೆ. ರವೆ, ಹಿಟ್ಟು, ಅವಲಕ್ಕಿಗಳನ್ನು ಕೂಡಿಡುವ ಗೋಜಿಗೇ ಹೋಗದೆ ಆಯಾ ತಿಂಗಳು ಕೊಳ್ಳುವುದು ಲೇಸು.

ಬೇಡವೆನ್ನಲೂ ಕಲಿಯಬೇಕು

ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವ ಉಗ್ರಾಣ ಮೂರು ತಿಂಗಳಲ್ಲಿ ಕಸದ ಕೋಣೆಯಾಗುತ್ತದೆ. ತೆರೆದ ಪೊಟ್ಟಣ, ಉಬ್ಬಿದ ಡಬ್ಬಿ, ಗುರುತುಚೀಟಿ ಇಲ್ಲದ ಎಣ್ಣೆ ಬೇಡ. ಪೊಟ್ಟಣದ ಮೇಲೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಎಂದಿದ್ದರೆ ಆ ದಿನದ ನಂತರ ಅದನ್ನು ತಿನ್ನಬಾರದು. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಗುಣಮಟ್ಟಗಳ ಮಾತು. ಆದರೂ ಎರಡರಲ್ಲಿ ಯಾವುದಿದ್ದರೂ ಕನಿಷ್ಠ ಎರಡು ತಿಂಗಳು ಬಾಕಿಯಿರುವುದನ್ನೇ ತೆಗೆದುಕೊಳ್ಳುವುದು ನಮ್ಮ ಪದ್ಧತಿ. ನಾವು ತಿನ್ನದ್ದನ್ನು ಇನ್ನೊಬ್ಬರ ತಟ್ಟೆಗೆ ಹಾಕುವುದು ಹೇಗೆ?

ಹಸುಗೂಸುಗಳ ಡಬ್ಬಿ ಹಾಲಿನಪುಡಿ ಮತ್ತು ಬಾಟಲಿಗಳನ್ನು ಒಳ್ಳೆಯ ಮನಸ್ಸಿನಿಂದಲೇ ತಂದುಕೊಡುವವರಿದ್ದಾರೆ. 1992ರ ಶಿಶು ಹಾಲು ಬದಲಿಗಳ ಕಾಯ್ದೆಯ ಪ್ರಕಾರ ಅನಾಥಾಲಯಗಳಿಗಲ್ಲದೆ ಬೇರೆಯವರಿಗೆ ಅವುಗಳನ್ನು ದಾನ ಮಾಡುವಂತಿಲ್ಲ. ಬಾಣಂತಿಯರಿದ್ದರೆ ಅಂಗನವಾಡಿಗೆ ಕಳುಹಿಸಿ. ಬಸುರಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ಮದುವೆಮನೆಯ ಮಿಕ್ಕ ಅಡುಗೆಯನ್ನೂ ನಾವು ಮುಟ್ಟುವುದಿಲ್ಲ. ಅದನ್ನು ಸಂಗ್ರಹಿಸಿ ಹಂಚುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ಮಾಡಿದೆ. ಸಾರು ಪಲ್ಯವನ್ನು 60 ಡಿಗ್ರಿಗಿಂತ ಬಿಸಿಯಾಗಿಟ್ಟು ಎರಡು ತಾಸಿನೊಳಗೆ ಮುಟ್ಟಿಸುವ ವಾಹನ, ಪಾತ್ರೆ, ಜನ ಇದ್ದವರು ಆ ಕೆಲಸ ಮಾಡಲಿ.

ಕೊಡುವ ದಿನ

ಮೊದಮೊದಲು ನಾವು ಎಲ್ಲ ಸಾಮಾನುಗಳನ್ನೂ ಚೀಲಕ್ಕೆ ಕಟ್ಟಿ, ಸಾಲು ನಿಲ್ಲಿಸಿ, ಒಂದೊಂದು ಕೊಡುತ್ತಿದ್ದೆವು. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ರಸ್ತೆಯಾಚೆಯ ಗೂಡಂಗಡಿಯ ಮಾಡಿನಡಿ ಕೊಡೆ ಹಿಡಿದು, ಸಾಲು ಕರಗುವವರೆಗೆ ನಿಂತೇ ಇದ್ದರು. ಎಲ್ಲರೂ ಹೋದ ಮೇಲೆ ಬಂದು, ಚೀಲದೊಳಗೆ ಕೈಹಾಕಿ ಅಕ್ಕಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ, “ತಂಗಿ, ಈ ಬೆಳ್ತಿಗೆ ಅಕ್ಕಿ ನಮ್ಗೆ ಗಂಜಿಗೆ ಆಗುದಿಲ್ಲ. ಕುಚ್ಚಲಕ್ಕಿ ಇದ್ರೆ ಎರಡು ಸೇರು ಕೊಡು, ಸಕ್ರೆ ನೀನೇ ಇಟ್ಕೋ, ನಂಗೆ ಸಕ್ರೆ ಕಾಯ್ಲೆ” ಎಂದರು. ಅಂದೇ ನಾವು ಚೀಲ ಕಟ್ಟುವುದನ್ನು ನಿಲ್ಲಿಸಿದೆವು, ಸಾಮಾನಿನ ಪಟ್ಟಿಯಿಂದ ಸಕ್ಕರೆಯನ್ನೂ ಕೈಬಿಟ್ಟೆವು.

ಈಗ ಸಾಮಾನುಗಳನ್ನು ಅಂಗಡಿಯಂತೆ ಕಪಾಟಿನಲ್ಲಿಟ್ಟು, ಮನೆಮಂದಿಯ ಸಂಖ್ಯೆಗೆ ತಕ್ಕಂತೆ ಇಷ್ಟು ಅಂಕ ಎಂದು ಕೊಡುತ್ತೇವೆ. ಬೇಳೆಯ ಬದಲು ಅಲಸಂದೆಯೋ, ಬೆಲ್ಲದ ಬದಲು ಇನ್ನೊಂದು ತೆಂಗಿನಕಾಯಿಯೋ, ಆಯ್ದುಕೊಳ್ಳುವುದು ಬಂದವರಿಗೆ ಬಿಟ್ಟದ್ದು. ಇದರಿಂದ ಖರ್ಚು ಹೆಚ್ಚಲಿಲ್ಲ. ಬೇಡದ್ದು ಕಪಾಟಿನಲ್ಲೇ ಉಳಿಯುವುದರಿಂದ ತುಸು ಕಡಿಮೆಯೇ ಆಯಿತು. ದಿನವೊಂದಕ್ಕೆ ಎಂಟು ಮನೆ, ಒಂದೊಂದು ಮನೆಗೆ ಕಾಲು ಗಂಟೆ ಎಂದು ಹೊತ್ತು ಗೊತ್ತುಮಾಡಿದರೆ ಸಾಲಿನ ಪ್ರಶ್ನೆಯೇ ಬಾರದು. ಕೊಡುವಾಗ ಫೋಟೊ ತೆಗೆಯಕೂಡದು, ದೊಡ್ಡ ದಾನಿಗಳು ಕೇಳಿದರೂ ತೆಗೆಯಕೂಡದು. ಅವರಿಗೆ ತುಂಬಿದ ಡ್ರಮ್ಮಿನ ಚಿತ್ರ ಕಳುಹಿಸಿ. ಆಧಾರ್ ಪ್ರತಿಯೂ ಬೇಕಿಲ್ಲ, ಮನೆಗೊಂದು ಸಂಖ್ಯೆ ಸಾಕು.

ಕೀಲಿ ಮತ್ತು ಪುಸ್ತಕ

ಮದುವೆಮನೆಯಲ್ಲಿ ಬಡಿಸುವವರು ಹತ್ತು ಮಂದಿ ಇದ್ದರೂ ಉಗ್ರಾಣದ ಕೀಲಿ ಒಬ್ಬರ ಸೊಂಟದಲ್ಲೇ ಇರುತ್ತದೆ. ಇಲ್ಲಿಯೂ ಹಾಗೆಯೇ, ಆದರೆ ಕೀಲಿ ಹಿಡಿದವರು ಪುಸ್ತಕ ಬರೆಯಬಾರದು, ಪುಸ್ತಕ ಬರೆಯುವವರು ಕೀಲಿ ಹಿಡಿಯಬಾರದು. ಬಂದದ್ದು, ಹೋದದ್ದು, ಕೆಟ್ಟದ್ದು ಎಂದು ಮೂರು ಕಲಮು ಇರಲಿ. ಕೆಟ್ಟದ್ದನ್ನು ಬರೆಯದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಸಂಘವಾಗಿ ನೋಂದಾಯಿಸುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ ಏಳು ಮಂದಿ ಬೇಕು. ಅಕ್ಕಿ ಬೇಳೆಯಾಗಿ ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ, 2000 ರೂಪಾಯಿ ಮೀರಿದ ನಗದಿಗೂ ಇಲ್ಲ ಎಂಬುದನ್ನು ದಾನಿಗಳಿಗೆ ಮೊದಲೇ ಹೇಳಿದರೆ ಮಾರ್ಚ್ ತಿಂಗಳಿನ ಜಗಳ ತಪ್ಪುತ್ತದೆ.

ಇಡೀ ದಾಸ್ತಾನನ್ನು ಜುಲೈ ಕೊನೆಗೆ ಖಾಲಿ ಮಾಡಿಕೊಳ್ಳುವ ಅಗತ್ಯವಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಹಾಗೆ ಯಾವ ದಿನ ಯಾವ ಕೇರಿಯ ಒಲೆ ಆರೀತೆಂದು ಹೇಳಲಾಗದು. ಹತ್ತು ಮನೆಗಳ ಒಂದು ವಾರದ ಊಟಕ್ಕಾಗುವಷ್ಟನ್ನು ಸೆಪ್ಟೆಂಬರಿನವರೆಗೆ ಮುಚ್ಚಿದ ಡ್ರಮ್ಮಿನಲ್ಲೇ ಉಳಿಸಿಕೊಳ್ಳಬೇಕು.

ಆಗಸ್ಟಿನಲ್ಲಿ ಬೋಟುಗಳು ಇಳಿದು ನಾಲ್ಕೈದು ದಿನ ಕಳೆದ ಮೇಲೆ ಉಗ್ರಾಣದ ಜಗಲಿಗೆ ಬಾಳೆಎಲೆಯಲ್ಲಿ ಸುತ್ತಿದ ಬಂಗುಡೆ ಬರತೊಡಗುತ್ತದೆ, ಕಳೆದ ತಿಂಗಳು ಬೇಳೆ ಒಯ್ದ ಮನೆಗಳಿಂದಲೇ. ಬೇಡವೆನ್ನಬಾರದು. ಅದನ್ನು ಒಳಗೆ ಇಡುವಂತಿಲ್ಲವಾದ್ದರಿಂದ, ಇನ್ನೂ ಕೂಲಿ ಶುರುವಾಗದ ಮನೆಗೆ ಮಧ್ಯಾಹ್ನದೊಳಗೆ ತಲುಪಿಸಿ, ಪುಸ್ತಕದಲ್ಲಿ ‘ಬಂದದ್ದು’ ಎಂಬ ಕಲಮಿನಲ್ಲಿ ತೂಕ ಹಾಕಿ ಬರೆಯಬೇಕು.